ಕೂತವಳ ಕಾರಣ

ಉಳ್ಳೂರು, ತಿರುವನಂತಪುರ
3 ಆಗಸ್ಟ್ 2024

ಎರ್ನಾಕುಲಂ ಹೈಕೋರ್ಟಿನ ವಕೀಲೆ ಶ್ರೀವಿದ್ಯಾ ನಟರಾಜ ಅವರಿಗೆ, ಅವರ ಹೆಸರಿನ ಬಾಲಕ್ಕೆ ಅಂಟಿಕೊಂಡಿರುವ ನಟರಾಜನ ಆಶೀರ್ವಾದಗಳು.

ಇದ್ದಕ್ಕಿದ್ದಂತೆ ಕಾಗದ ಯಾಕೆ ಅಂದುಕೊಳ್ಳಬೇಡ. ಕಳೆದ ಭಾನುವಾರ ನಾವು ಫೋನಿನಲ್ಲಿ ಆಡಿದ ಜಗಳ ಕೇಳಿ ನಿನ್ನಮ್ಮ ನನ್ನ ಕೈಯಿಂದ ಫೋನು ಕಿತ್ತುಕೊಂಡು, "ಅಪ್ಪ ಮಗಳಿಗೆ ಆಡಲೇಬೇಕು ಅಂದ್ರೆ ಕಾಗದದಲ್ಲಿ ಆಡ್ಕೊಳ್ಳಿ. ಆಗಲಾದ್ರೂ ಒಬ್ರು ಮುಗಿಸೋವರೆಗೆ ಇನ್ನೊಬ್ರು ಬಾಯಿ ಮುಚ್ಕೊಂಡಿರ್ತೀರ" ಎಂದು ತೀರ್ಪು ಕೊಟ್ಟಳು. ಅಪೀಲಿಗೆ ಅವಕಾಶವಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಾವಿಬ್ಬರೂ ಅವತ್ತು ಒಂದು ಸರವನ್ನೇ ಒಡೆದು ಕೂತೆವು.

ವಿಷಯಕ್ಕೆ ಬರುತ್ತೇನೆ. ಮೊನ್ನೆ ನಮ್ಮ ಬೀದಿಯ ಅಸೋಸಿಯೇಷನ್ ಅಧ್ಯಕ್ಷ ದಾಮೋದರನ್ ಪೇಪರು ಮಡಚಿ ಹಿಡಿದುಕೊಂಡೇ ಗೇಟಿಗೆ ಬಂದರು. ಕಾಲೇಜಿನ ವಾರ್ಷಿಕೋತ್ಸವದಲ್ಲಿ ರಾಷ್ಟ್ರಗೀತೆಗೆ ಏಳದೆ ಕೂತಿದ್ದ ಹುಡುಗಿ, ಅವಳನ್ನು ಅಮಾನತು ಮಾಡಿದ ಕಾಲೇಜು, ಅವಳ ಪರವಾಗಿ ರಿಟ್ ಹಾಕಿದ ವಕೀಲೆ. "ಇದು ನಮ್ಮ ವಿದ್ಯಮೋಳ್ ಅಲ್ಲವೇ ಸಾರ್?" ಎಂದು ತಮ್ಮ ಮಗಳ ಹೆಸರು ಹೇಳುವ ಹಾಗೆ ಕೇಳಿದರು. ಹೌದು ಎಂದೆ. ಬೇರೆ ಏನು ಹೇಳಲಿ? ಇಡೀ ಕೆಲಸದ ಅವಧಿಯನ್ನು ನಾನು ರಾಕೆಟ್ಟಿನ ಹೊಟ್ಟೆಯೊಳಗಿನ ತಂತಿಗಳನ್ನು ಮೇಣದ ದಾರದಿಂದ ಬಿಗಿಯುವುದರಲ್ಲಿ ಕಳೆದವನು. ಟೀವಿಯಲ್ಲಿ ರಾಕೆಟ್ಟು ಹಾರುವಾಗ ಊರೆಲ್ಲ ಚಪ್ಪಾಳೆ ತಟ್ಟಿದರೆ ನಾನು ಮಾತ್ರ 'ನನ್ನ ಗಂಟು ಹೋಗುತ್ತಿದೆ' ಎಂದು ಕಣ್ಣೊರೆಸಿಕೊಳ್ಳುತ್ತಿದ್ದೆ. ಅಂಥವನ ಮಗಳು ನೀನು.

ನನ್ನದು ಒಂದೇ ಪ್ರಶ್ನೆ. ಅವಳು ಯಾಕೆ ಕೂತಳು? ಕಾಲು ನೋವೇ, ಧರ್ಮವೇ, ಸಿಟ್ಟೇ, ಅಥವಾ ಬರೀ ಕೊಬ್ಬೇ? ಅದೊಂದು ಹೇಳಿದರೆ ದಾಮೋದರನ್‌ಗೆ ನಾನು ಮುಖ ಕೊಟ್ಟು ಮಾತಾಡಬಲ್ಲೆ.

ಆಗಸ್ಟ್ ಹದಿನೈದಕ್ಕೆ ಬರುತ್ತೀಯಲ್ಲ? ಬೀದಿಯ ಬಾವುಟ ಈ ಸಲವೂ ನಾನೇ ಕಟ್ಟುವುದು, ಮಡಚುವಾಗ ಇನ್ನೊಂದು ತುದಿ ಹಿಡಿಯುವವರು ಬೇಕು.

ಅಪ್ಪ

(ಪುಟ್ಟಿ, ಇವರು ಇದನ್ನ ನಾಲ್ಕು ಸಲ ಹರಿದು ಬರೆದಿದಾರೆ. ಮೊದಲನೆಯದು ಇನ್ನೂ ಜೋರಾಗಿತ್ತು. ಬಾ. ಅಮ್ಮ)


ಕಲೂರ್, ಕೊಚ್ಚಿ
9 ಆಗಸ್ಟ್ 2024

ಅಪ್ಪನಿಗೆ, ಬಾಲದ ಸಮೇತ ಶ್ರೀವಿದ್ಯಾಳ ನಮಸ್ಕಾರಗಳು.

ಕನ್ನಡದಲ್ಲಿ ಕೈಯಿಂದ ಬರೆದು ಎಷ್ಟು ವರ್ಷವಾಯಿತೋ. ನೀವು ಸ್ಲೇಟು ಹಿಡಿಸಿ ತಿದ್ದಿಸದೇ ಹೋಗಿದ್ದರೆ ಈ ಜಗಳವನ್ನು ಮಲಯಾಳದಲ್ಲಿ ಆಡಬೇಕಾಗುತ್ತಿತ್ತು, ಆಗ ನೀವು ಇಷ್ಟು ಆರಾಮಾಗಿ ಗೆಲ್ಲುತ್ತಿರಲಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಕಕ್ಷಿದಾರರು ಹೇಳಿದ್ದು ವಕೀಲರ ಹೊಟ್ಟೆಯಲ್ಲೇ ಇರಬೇಕು. ಅವಳು ಕೂಗಲಿಲ್ಲ, ಗೇಲಿ ಮಾಡಲಿಲ್ಲ, ಎದ್ದು ನಿಂತವರಿಗೆ ಅಡ್ಡಬರಲಿಲ್ಲ. ಸುಮ್ಮನೆ ಕೂತಿದ್ದಳು. ಇಷ್ಟು ಪೇಪರಿನಲ್ಲೇ ಇದೆ. ಮಾರ್ಚಿನಲ್ಲಿ ಅವಳ ಕೊನೆಯ ಪರೀಕ್ಷೆ. ಅಷ್ಟರೊಳಗೆ ಕಾಲೇಜಿಗೆ ಮರಳದಿದ್ದರೆ ಮೂರು ವರ್ಷದ ಓದು ನೀರುಪಾಲು. ನನಗೆ ಅದು ಮುಖ್ಯ.

ನಾನು ದೇಶ ಬಿಟ್ಟವಳಲ್ಲ ಅಪ್ಪ. ಇಲ್ಲಿ ಕಲೂರ್ ಸ್ಟೇಡಿಯಮ್ಮಿನಲ್ಲಿ ಅಷ್ಟು ಸಾವಿರ ಜನ ಒಟ್ಟಿಗೆ ಎದ್ದು ರಾಷ್ಟ್ರಗೀತೆ ಹಾಡಿದಾಗ ನನಗೂ ಮೈ ಜುಮ್ಮೆನ್ನುತ್ತದೆ. ಆಮೇಲೆ ಮೈ ಜುಮ್ಮೆಂದದ್ದಕ್ಕೆ ಸ್ವಲ್ಪ ಮುಜುಗರವೂ ಆಗುತ್ತದೆ. ಎರಡೂ ನಿಜ. ನಿಮಗೆ ಈ ಎರಡನೆಯದು ಯಾವತ್ತೂ ಆಗಿಲ್ಲವೇ ಎಂದು ಕೇಳಬೇಕು ಅನ್ನಿಸುತ್ತದೆ, ಧೈರ್ಯ ಬರುವುದಿಲ್ಲ.

ಹದಿನೈದಕ್ಕೆ ಬರಲಾಗುವುದಿಲ್ಲ. ಇಲ್ಲಿ ಕೆಲಸ ಬಹಳ. ಅಮ್ಮನಿಗೆ ಹೇಳಿ.

ಶ್ರೀವಿದ್ಯಾ


ಉಳ್ಳೂರು
16 ಆಗಸ್ಟ್ 2024

ಶ್ರೀವಿದ್ಯಾಳಿಗೆ ಆಶೀರ್ವಾದ.

ನಿನ್ನೆ ಕಾರ್ಯಕ್ರಮ ಚೆನ್ನಾಗಿ ಆಯಿತು. ಬಾವುಟ ಮಡಚುವಾಗ ಇನ್ನೊಂದು ತುದಿಯನ್ನು ನಿನ್ನಮ್ಮ ಒಂದು ಕೈಯಲ್ಲಿ ಹಿಡಿದಿದ್ದಳು, ಇನ್ನೊಂದು ಕೈಯಲ್ಲಿ ಸೌಟು. ಸ್ವಾತಂತ್ರ್ಯ ದಿನದಂದು ಬಾವುಟವನ್ನು ಕೆಳಗಿನಿಂದ ಏರಿಸಬೇಕು, ಮೇಲೆ ಕಟ್ಟಿ ಬಿಚ್ಚುವುದು ಜನವರಿ ಇಪ್ಪತ್ತಾರಕ್ಕೆ ಎಂದು ನಾನು ವರ್ಷ ವರ್ಷವೂ ಹೇಳುತ್ತೇನೆ. ನಮ್ಮ ಅಸೋಸಿಯೇಷನ್ನಿಗೆ ಎರಡು ದಿನವೂ ಮೇಲಿನಿಂದ ಹೂವು ಉದುರಲೇಬೇಕು. ಆಗಲಿ ಎಂದು ಸೇವಂತಿಗೆ ಎಸಳಿಟ್ಟು ಜೀರುಗುಣಿಕೆ ಹಾಕಿದೆ. ದಾಮೋದರನ್ ಒಂದು ಸಲ ಎಳೆದರು, ಬಿಚ್ಚಿಕೊಂಡಿತು. ಗಾಳಿಗೆ ಬಿಗಿಯಾಗಿರಬೇಕು, ಕೈಗೆ ಸಡಿಲಾಗಬೇಕು, ಅದೇ ಆ ಗಂಟಿನ ಮರ್ಮ. ನಿನಗೆ ಎಂಟು ವರ್ಷಕ್ಕೇ ಬರುತ್ತಿತ್ತು.

ಕೆಲಸ ಬಹಳ ಎಂದು ಬರೆದಿದ್ದೆ. ಆಗಸ್ಟ್ ಹದಿನೈದಕ್ಕೆ ಯಾವ ಕೋರ್ಟು ತೆರೆದಿರುತ್ತದಮ್ಮ? ನಮ್ಮ ಜೊತೆ ಬಾವುಟದ ಕೆಳಗೆ ನಿಲ್ಲುವುದು ಈಗ ನಿನಗೆ ನಾಚಿಕೆ ಅಂದುಕೊಂಡೆ. ತಪ್ಪಾಗಿದ್ದರೆ ಸಂತೋಷ.

ಇವತ್ತು ಬೆಳಿಗ್ಗೆ ಎಂದಿನಂತೆ ಚೀಲ ಹಿಡಿದು ಬೀದಿ ಸುತ್ತಿದೆ. ಚಾಲೈ ಪೇಟೆಯಿಂದ ಸಗಟಾಗಿ ತಂದು ಮನೆಮನೆಗೂ ಹಂಚಿದ ಬಾವುಟಗಳು ಒಂದೇ ಮಳೆಗೆ ಚರಂಡಿ ಪಾಲಾಗಿವೆ. ಒಂದು ದಿನದ ಭಕ್ತಿ, ಮಾರನೆ ದಿನ ಕಸ. ನೋಡಿದರೆ ಹೊಟ್ಟೆ ಉರಿಯುತ್ತದೆ. ಹರಿದವನ್ನೂ ಕೆಸರಾದವನ್ನೂ ಆರಿಸಿ ತಂದು ಒಗೆದು ಒಣಹಾಕಿದ್ದೇನೆ. ಭಾನುವಾರ ಹಿತ್ತಲಲ್ಲಿ ಕ್ರಮವಾಗಿ ಮುಗಿಸುತ್ತೇನೆ. ನಿನಗೆ ಗೊತ್ತಲ್ಲ, ಹಾಳಾದ ಬಾವುಟವನ್ನು ಎಸೆಯಬಾರದು, ಯಾರ ಕಣ್ಣಿಗೂ ಬೀಳದಂತೆ ಮರ್ಯಾದೆಯಿಂದ ಸುಡಬೇಕು ಎಂದು ಧ್ವಜ ಸಂಹಿತೆಯಲ್ಲೇ ಇದೆ.

ಅವಳು ಯಾಕೆ ಕೂತಳು ಎಂದು ಇನ್ನೂ ಹೇಳಿಲ್ಲ.

ಅಪ್ಪ

(ನಾಚಿಕೆ ಗೀಚಿಕೆ ಅಂತ ಬರೆದಿದಾರೆ, ತಲೆಗೆ ಹಾಕ್ಕೋಬೇಡ. ಬಾವುಟ ಸುಡೋಕೆ ನನ್ನ ಬಾಣಲೆ ಮತ್ತೆ ಹಿತ್ತಲಿಗೆ ಹೋಗತ್ತೆ, ಅದು ನನ್ನ ಚಿಂತೆ. ಅಮ್ಮ)


ಉಳ್ಳೂರು
27 ಆಗಸ್ಟ್ 2024

ಶ್ರೀವಿದ್ಯಾಳಿಗೆ,

ನಾವು ಕ್ಷೇಮ. ಈ ಸಲ ಓಣಂಗೆ ಬರುವ ತೊಂದರೆ ತೆಗೆದುಕೊಳ್ಳಬೇಡ. ಮನೆಯಲ್ಲಿ ಹಬ್ಬ ಮಾಡುತ್ತಿಲ್ಲ. ನನ್ನ ಫೋನು ಕೆಟ್ಟಿದೆ, ಅಮ್ಮನಿಗೆ ಗಂಟಲು ಸರಿಯಿಲ್ಲ, ಆದ್ದರಿಂದ ಫೋನೂ ಮಾಡಬೇಡ. ನಿನ್ನ ಕೆಲಸ ನೋಡಿಕೊ.

ನಟರಾಜ


ಕಲೂರ್
1 ಸೆಪ್ಟೆಂಬರ್ 2024

ಅಪ್ಪ,

ನಿಮ್ಮ ನಾಲ್ಕು ಸಾಲು ತಲುಪಿತು. ಕೆಳಗೆ 'ನಟರಾಜ' ಎಂದು ಸಹಿ ಮಾಡಿದ್ದೀರಿ. ಬ್ಯಾಂಕಿಗೆ ಬರೆದಂತಿದೆ. ಅಮ್ಮನ ಬ್ರಾಕೆಟ್ಟೂ ಇಲ್ಲ. ಅಂದರೆ ಅವಳೂ ನಿಮ್ಮ ಕಡೆ ಎಂದಾಯಿತು.

ಆ ಹುಡುಗಿಯ ಪರ ನಿಂತದ್ದಕ್ಕೆ ನನ್ನನ್ನು ಮನೆಯಿಂದ ಹೊರಗಿಡುತ್ತಿದ್ದೀರಿ ಎಂದು ನೇರವಾಗಿ ಬರೆಯಬಹುದಿತ್ತು. ಸ್ವಾತಂತ್ರ್ಯ ಅಂದರೆ ಏನು ಎಂದು ನಾನು ನಾಲ್ಕನೇ ಕ್ಲಾಸಿನಲ್ಲಿ ಕೇಳಿದಾಗ, 'ಒಪ್ಪದಿದ್ದರೂ ಒಂದೇ ಮನೆಯಲ್ಲಿ ಊಟ ಮಾಡುವುದು' ಎಂದು ಹೇಳಿಕೊಟ್ಟವರು ನೀವು. ಅವತ್ತು ಅಮ್ಮ ಮಾಡಿದ ಹಾಗಲಕಾಯಿ ಗೊಜ್ಜಿನ ಮೇಲೆ ನಿಮಗೂ ನನಗೂ ಜಗಳವಾಗಿತ್ತು.

ಹದಿನೈದಕ್ಕೆ ನಾನು ಬರದೇ ಇದ್ದದ್ದು ಕೆಲಸದಿಂದಲ್ಲ, ನಾಚಿಕೆಯಿಂದಲೂ ಅಲ್ಲ. ದಾಮೋದರನ್ ಅಂಕಲ್ ಎಲ್ಲರೆದುರು ಆ ಕೇಸಿನ ಮಾತು ತೆಗೆಯುತ್ತಾರೆ, ನೀವು ನನ್ನನ್ನು ಬಿಟ್ಟುಕೊಡಲೂ ಆಗದೆ ಸಮರ್ಥಿಸಲೂ ಆಗದೆ ಕಂಬದ ಕೆಳಗೆ ಒದ್ದಾಡುತ್ತೀರಿ, ಅದನ್ನು ನಾನು ನೋಡಲಾರೆ ಎಂದು ಬರಲಿಲ್ಲ. ಈಗ ಅದೂ ವ್ಯರ್ಥ ಅನ್ನಿಸುತ್ತಿದೆ. ಬಹಳ ನೋವಾಗಿದೆ ಅಪ್ಪ.

ಶ್ರೀವಿದ್ಯಾ


ಉಳ್ಳೂರು
4 ಸೆಪ್ಟೆಂಬರ್

ಪುಟ್ಟಿ,

ನಿನ್ನ ಕಾಗದ ನಾನು ಒಡೆದು ಓದಿದೆ, ಇವರಿಗೆ ಕೊಟ್ಟಿಲ್ಲ. ಕೊಟ್ಟರೆ ಇವರು ಇನ್ನೂ ಕುಗ್ಗಿಹೋಗ್ತಾರೆ. ಇವರು ಮಲಗಿರುವಾಗ ಅಡುಗೆಮನೇಲಿ ಕೂತು ಬರೀತಿದೀನಿ. ನನ್ನ ಗಂಟಲಿಗೆ ಏನೂ ಆಗಿಲ್ಲ. ಫೋನಲ್ಲಿ ನಿನ್ನ ದನಿ ಕೇಳಿದರೆ ಅತ್ತುಬಿಡ್ತೀನಿ ಅಂತ ಇವರು ಬೇಡ ಅಂದರು.

ಆ ಭಾನುವಾರ ಹಿತ್ತಲಲ್ಲಿ ಬಾವುಟ ಸುಟ್ಟರಲ್ಲ, ಪಕ್ಕದ ಮನೆಯವರು ಹೋದ ವರ್ಷ ಮಾವಿನ ಮರ ಕಡಿದು ಮೇಲೆ ಮಹಡಿ ಕಟ್ಟಿರೋದು ಇವರ ತಲೇಲೇ ಇರಲಿಲ್ಲ. ಇವರ ಮನಸ್ಸಿನಲ್ಲಿ ಹಿತ್ತಲು ಇನ್ನೂ ಮರದ ಮರೇಲೇ ಇದೆ. ಆ ಮಹಡಿಗೆ ಹೊಸದಾಗಿ ಬಾಡಿಗೆಗೆ ಬಂದಿರೋ ತರುಣ್ ಅನ್ನೋನು ಮೇಲಿಂದ ನೋಡಿ ವಿಡಿಯೋ ತೆಗೆದ. ಇವರು ಕರ್ಪೂರ ಹಚ್ಚಿ ಸೆಲ್ಯೂಟ್ ಹೊಡೆದದ್ದು ಅದರಲ್ಲಿ ಇಲ್ಲ, ಅವನು ಶುರು ಮಾಡುವ ಹೊತ್ತಿಗೆ ಅದು ಮುಗಿದಿತ್ತು. ಯಾರೋ ಮುದುಕ ರಾಶಿ ಬಾವುಟ ಸುಡ್ತಿದಾನೆ, ಅಷ್ಟೇ ಕಾಣೋದು. ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ ಹಾಗಾಯ್ತು ನೋಡು.

ಅವನು ಕಂಪ್ಲೇಂಟ್ ಕೊಟ್ಟ. ಸ್ಟೇಷನ್ನಿಂದ ಕರೆ ಬಂತು. ಇವರು ಇಸ್ತ್ರಿ ಷರಟು ಹಾಕ್ಕೊಂಡು ಹೋಗಿ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂತು ಬಂದರು. ಅಲ್ಲಿನವರು ಮರ್ಯಾದೆಯಾಗೇ ಮಾತಾಡಿದರಂತೆ. ಬಂದವರೇ ಬಾವುಟದ ಪೆಟ್ಟಿಗೆ ತೆಗೆದು ಅಟ್ಟದ ಮೇಲಿಟ್ಟರು. ಅವತ್ತಿಂದ ಗೇಟಿನಾಚೆ ಕಾಲಿಟ್ಟಿಲ್ಲ, ಪೇಪರೂ ಓದಲ್ಲ. ಬೀದಿಯವರು ಯಾರೂ ಏನೂ ಅಂದಿಲ್ಲ, ಅದೇ ಕಷ್ಟ. ಸುಮ್ಮನೆ ಬೇರೆ ಕಡೆ ನೋಡ್ತಾರೆ.

ನಿನಗೆ ತಿಳಿಯಬಾರದು ಅಂತ ಆಣೆ ಹಾಕಿಸಿದಾರೆ. ಬಾಯಲ್ಲಿ ಹೇಳಲ್ಲ ಅಂತ ಆಣೆ ಹಾಕಿದ್ದು, ಬರೆಯಲ್ಲ ಅಂತ ಅಲ್ಲ. ನೀನು ಬಾ.

ಕೌಸಲ್ಯಾ, ಅಂದರೆ ಅಮ್ಮ


ಕಲೂರ್
8 ಸೆಪ್ಟೆಂಬರ್ 2024

ಅಪ್ಪ,

ಅಮ್ಮನನ್ನು ಬೈಯಬೇಡಿ. ನನಗೆ ಎಲ್ಲ ತಿಳಿಯಿತು. ಹಿಂದಿನ ಕಾಗದ ನಿಮಗೆ ಸಿಕ್ಕಿಲ್ಲವಂತೆ, ಸಿಕ್ಕಿದರೂ ಓದಬೇಡಿ.

ಒಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ಆ ವಿಡಿಯೋ ನಮ್ಮ ವಕೀಲರ ಗ್ರೂಪಿಗೂ ಬಂದಿತ್ತು. ಚಹಾ ಕುಡಿಯುತ್ತ ನೋಡಿದೆ. ಬೆನ್ನು ಮಾತ್ರ ಕಾಣುವ ಯಾರೋ ಮುದುಕ, ಈತನಿಗೆ ಬೇಗ ಜಾಮೀನು ಸಿಗಬಹುದು ಅಂದುಕೊಂಡು ಬೆರಳಿನಿಂದ ಮೇಲಕ್ಕೆ ತಳ್ಳಿದೆ. ಅಮ್ಮನ ಕಾಗದ ಬಂದ ಮೇಲೆ ಹುಡುಕಿ ಮತ್ತೆ ನೋಡಿದಾಗ ಮೊದಲು ಗುರುತು ಸಿಕ್ಕಿದ್ದು ಒಂದು ಕಡೆಯ ಹಿಡಿ ಮುರಿದ ಬಾಣಲೆ. ಎಷ್ಟು ಸಲ ಅದರಿಂದ ಬಿಸಿ ಚಕ್ಕುಲಿ ಕದ್ದಿದ್ದೇನೆ. ಬಾಣಲೆಯ ಗುರುತು ಸಿಕ್ಕ ಮಗಳಿಗೆ ಅಪ್ಪನ ಬೆನ್ನಿನ ಗುರುತು ಸಿಗಲಿಲ್ಲ.

ಈಗ ವಕೀಲೆಯಾಗಿ ಬರೆಯುತ್ತೇನೆ. ನೀವು ಮಾಡಿದ್ದು ಅಪರಾಧವಲ್ಲ. ಸಂಹಿತೆ ಏನು ಹೇಳುತ್ತದೋ ಅದನ್ನೇ ಮಾಡಿದ್ದೀರಿ. ಮನೆಯ ಹಿತ್ತಲು ಸಾರ್ವಜನಿಕ ಜಾಗವಲ್ಲ, ಪಕ್ಕದವರು ಮಹಡಿ ಕಟ್ಟಿದರೂ ಅಲ್ಲ. ಯಾಕೆ ಸುಟ್ಟಿರಿ ಎಂದರೆ ಇಷ್ಟು ಹೇಳಿ. ದೇಶ ಪ್ರೀತಿಸುತ್ತೀರಾ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಕೊಡಬೇಡಿ. ಅದನ್ನು ಕೇಳುವ ಹಕ್ಕು ಯಾರಿಗೂ ಇಲ್ಲ.

ಓಣಂಗೆ ನೀವು ಬೇಡವೆಂದರೂ ಬರುತ್ತೇನೆ. ವಂಚಿನಾಡ್ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಆಗಿದೆ.

ಶ್ರೀವಿದ್ಯಾ


ಉಳ್ಳೂರು
22 ಸೆಪ್ಟೆಂಬರ್ 2024

ಚಿರಂಜೀವಿ ವಿದ್ಯಾಳಿಗೆ ಅಪ್ಪನ ಆಶೀರ್ವಾದ.

ನೀನು ಬಂದು ಹೋಗಿ ವಾರವಾಯಿತು. ನೀನಿದ್ದಾಗ ಬರೀ ಕೇಸಿನ ಮಾತಾಡಿದೆವು. ಎದುರಿಗೆ ಹೇಳಲಾಗದ್ದನ್ನು ಈಗ ಬರೆಯುತ್ತೇನೆ. ನಿನ್ನಮ್ಮನ ತೀರ್ಪು ಒಳ್ಳೆಯದೇ ಎಂದು ಈಗ ಅನ್ನಿಸುತ್ತಿದೆ.

ಅವತ್ತು ಸ್ಟೇಷನ್ನಿನಲ್ಲಿ ಬೆಂಚಿನಿಂದ ಒಳಗೆ ಕರೆದು ಸಬ್ ಇನ್‌ಸ್ಪೆಕ್ಟರ್ ನನಗೆ ಕುರ್ಚಿ ಕೊಟ್ಟರು, ಚಹಾ ತರಿಸಿದರು. ನಿನಗಿಂತ ಚಿಕ್ಕ ವಯಸ್ಸು. ಎಲ್ಲ ಬರೆದುಕೊಂಡ ಮೇಲೆ, ಕಠಿಣವಾಗಿ ಅಲ್ಲ, ಸಂಕೋಚದಿಂದಲೇ ಕೇಳಿದರು: "ಸಾರಿನ್ ರಾಜ್ಯಸ್ನೇಹಂ ಇಲ್ಲೇ?" ದೇಶದ ಮೇಲೆ ಪ್ರೀತಿ ಇಲ್ಲವೇ ಸಾರ್, ಎಂದು. ಇಲ್ಲಿಯವರು ಭಕ್ತಿ ಅನ್ನುವುದಿಲ್ಲ ನೋಡು, ಸ್ನೇಹ ಅನ್ನುತ್ತಾರೆ. ಇಷ್ಟು ವರ್ಷ ಕೇಳಿದ್ದ ಪದ ಅವತ್ತು ಹೊಸದಾಗಿ ಕೇಳಿಸಿತು.

ಹೌದು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಇಲ್ಲ ಎಂದಲ್ಲ. ಕೌಸಲ್ಯಾಳ ಮೇಲೆ ಪ್ರೀತಿ ಇದೆಯೇ ಎಂದು ಸ್ಟೇಷನ್ನಿನಲ್ಲಿ ಕೇಳಿ ಬರೆದುಕೊಂಡರೆ ನಾನು ಏನು ಹೇಳಲಿ? ಹೇಳಿದ ತಕ್ಷಣ ಅದು ಬೇರೆ ಏನೋ ಆಗಿಬಿಡುತ್ತದೆ, ತಪ್ಪಿಸಿಕೊಳ್ಳಲು ಆಡಿದ ಮಾತಾಗುತ್ತದೆ. ಕೊನೆಗೆ ರಾಕೆಟ್ ಕೇಂದ್ರದ ನನ್ನ ಪೆನ್ಷನ್ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟೆ. ಅವರು ಓದಿ ಎದ್ದು ನಿಂತರು. ಅವರು ಎದ್ದದ್ದು ನನಗೆ ಸಮಾಧಾನ ಕೊಡಲಿಲ್ಲ ವಿದ್ಯಾ. ಚೀಟಿ ಇಲ್ಲದವನಾಗಿದ್ದರೆ? ಚಾಲೈಯಲ್ಲಿ ಮೂಟೆ ಹೊರುವವನು ಇದೇ ಕೆಲಸ ಮಾಡಿದ್ದರೆ?

ನೀನೊಮ್ಮೆ ಕೇಳಿದ್ದೆ, ಮೈ ಜುಮ್ಮೆಂದದ್ದಕ್ಕೆ ಮುಜುಗರವಾಗಿಲ್ಲವೇ ಎಂದು. ಆಗಿದೆ. ಬಾವುಟ ಹಿಡಿದು ಕಿರುಚುವವರ ನಡುವೆ ನಿಂತಾಗಲೆಲ್ಲ ಆಗಿದೆ. ಹೇಳಿಕೊಂಡರೆ ಉಳಿದದ್ದೂ ಸಡಿಲವಾಗುತ್ತದೇನೋ ಎಂಬ ಭಯಕ್ಕೆ ನಾನು ಇನ್ನೂ ಬಿಗಿ ಮಾಡುತ್ತಿದ್ದೆ. ಈಗ ಪೆಟ್ಟಿಗೆ ಅಟ್ಟದ ಮೇಲಿದೆ. ಇಳಿಸುವ ಮನಸ್ಸಿಲ್ಲ.

ತರುಣ್ ಮೊನ್ನೆ ಗೇಟಿನ ಬಳಿ ಬಂದು ನಿಂತಿದ್ದ. ಅವನ ಅಣ್ಣ ಸೈನ್ಯದಲ್ಲಿದ್ದಾನಂತೆ. ಬಾವುಟಕ್ಕೆ ಬೆಂಕಿ ಬಿದ್ದದ್ದು ನೋಡಿ ಅಣ್ಣನ ನೆನಪಾಗಿ ಫೋನು ತೆಗೆದೆ ಎಂದ. ನಿನ್ನಮ್ಮ ಕಾಫಿ ಕೊಟ್ಟಳು. ನಾನು ಒಳಗಿಂದಲೇ ಕೇಳಿಸಿಕೊಂಡೆ, ಹೊರಗೆ ಹೋಗಲಿಲ್ಲ.

ಎಲ್ಲ ಆದ ಮೇಲೂ ಕೇಳುತ್ತೇನೆ, ಅವಳು ಯಾಕೆ ಕೂತಳು? ಈಗ ದಾಮೋದರನ್‌ಗಾಗಿ ಅಲ್ಲ, ನನಗಾಗಿ.

ಅಪ್ಪ

(ಈ ಕಾಗದ ನನಗೂ ಓದಿ ಹೇಳಿದರು. ಕೌಸಲ್ಯಾ ಅನ್ನೋ ಕಡೆ ಕೆಮ್ಮಿದರು. ಅಮ್ಮ)


ಕಲೂರ್
19 ಅಕ್ಟೋಬರ್ 2024

ಪ್ರೀತಿಯ ಅಪ್ಪ,

ಅಪರಾಧವಿಲ್ಲವೆಂದು ಪೊಲೀಸರು ನಿಮ್ಮ ವಿಷಯ ಮುಕ್ತಾಯ ಮಾಡಿದರು. ಪ್ರತಿಯನ್ನು ಬೇರೆ ಕಳಿಸಿದ್ದೇನೆ. ನಿಮ್ಮ ಹೆಸರಿನಲ್ಲಿ ಯಾವ ಕಳಂಕವೂ ಇಲ್ಲ.

ಸಂತೋಷಪಡುತ್ತಲೇ ಒಂದು ಯೋಚನೆ ಹತ್ತಿಕೊಂಡಿತು. ನಿಮ್ಮ ಕಾರಣ ಪುಸ್ತಕದಲ್ಲಿ ಅಚ್ಚಾಗಿತ್ತು, ಪುಟ ತೆಗೆದು ತೋರಿಸಿದೆವು, ಪಾರಾದಿರಿ. ಯಾವ ಪುಸ್ತಕದಲ್ಲೂ ಇಲ್ಲದ ಕಾರಣ ಇರುವವರು ಏನು ಮಾಡಬೇಕು? ಚೀಟಿ ಇಲ್ಲದವನ ಬಗ್ಗೆ ನೀವು ಬರೆದಿರಲ್ಲ, ಇದೂ ಅದೇ.

ಕಾಲೇಜಿನವರು ಈಗ ಮೆತ್ತಗಾಗಿದ್ದಾರೆ. ಯಾಕೆ ಕೂತೆ ಎಂದು ಎರಡು ಸಾಲು ಬರೆದುಕೊಟ್ಟರೆ ನಾಳೆಯೇ ತರಗತಿಗೆ ಸೇರಿಸುತ್ತಾರಂತೆ. ಕಾರಣ ಏನಿದ್ದರೂ ಪರವಾಗಿಲ್ಲವಂತೆ. ಅವಳು ಬರೆಯುವುದಿಲ್ಲ ಅನ್ನುತ್ತಾಳೆ. ನಾನು ರೇಗಿದೆ ಅಪ್ಪ. "ಎರಡು ಸಾಲು ಮೋಳೇ, ಪರೀಕ್ಷೆ ಉಳಿಯುತ್ತದೆ" ಎಂದೆ. ಅವಳು ಅಕ್ಕನಿಗೆ ಹೇಳುವ ಹಾಗೆ ಶಾಂತವಾಗಿ, "ಎದ್ದು ನಿಂತವರನ್ನು ಯಾಕೆ ನಿಂತಿರಿ ಎಂದು ಯಾರಾದರೂ ಕೇಳಿದರಾ ಚೇಚಿ?" ಎಂದಳು.

ನಿಮಗೆ ನಾನು ಒಂದು ವಿಷಯ ಮುಚ್ಚಿಟ್ಟಿದ್ದೆ. ಕಕ್ಷಿದಾರರ ಗುಟ್ಟು, ವಕೀಲರ ಹೊಟ್ಟೆ ಎಂದೆಲ್ಲ ಜಂಬ ಕೊಚ್ಚಿದೆ. ನನ್ನ ಹೊಟ್ಟೆಯಲ್ಲಿ ಏನೂ ಇಲ್ಲ. ಅವಳು ಯಾಕೆ ಕೂತಳೋ ನನಗೂ ಗೊತ್ತಿಲ್ಲ. ಮೊದಲ ದಿನವೇ ಕೇಳಿದ್ದೆ, ಹೇಳಲಿಲ್ಲ. ಗೊತ್ತಿಲ್ಲದೆಯೇ ವಾದಿಸುತ್ತಿದ್ದೇನೆ. ಒಮ್ಮೊಮ್ಮೆ ಬೆಳಿಗ್ಗೆ ಕೋಟು ಹಾಕಿಕೊಳ್ಳುವಾಗ, ಬರೀ ಹಟಮಾರಿ ಹುಡುಗಿಯಾಗಿದ್ದರೆ ಏನು ಗತಿ ಎಂದು ಭಯವಾಗುತ್ತದೆ. ಆದರೂ ಹೋಗುತ್ತೇನೆ.

ವಿಚಾರಣೆ ಫೆಬ್ರವರಿ ಆರಕ್ಕೆ ಹೋಗಿದೆ.

ನಿಮ್ಮ ವಿದ್ಯಾ


ಉಳ್ಳೂರು
5 ನವೆಂಬರ್ 2024

ವಿದ್ಯಾ,

ಕಾಗದ ತಲುಪಿದೆ. ನಿನಗೂ ಗೊತ್ತಿಲ್ಲ ಎಂದು ಓದಿ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ಆಮೇಲೆ ಎರಡೂ ಹೋದವು. ಏನು ಬರೆಯಬೇಕೋ ತೋಚುತ್ತಿಲ್ಲ. ತೋಚಿದಾಗ ಬರೆಯುತ್ತೇನೆ. ಚಳಿಗೆ ಅಲ್ಲದಿದ್ದರೂ ಎ.ಸಿ. ಕೋರ್ಟಿಗೆ ಒಳಗೊಂದು ಬನಿಯನ್ ಹಾಕಿಕೊ.

ಅಪ್ಪ


ಉಳ್ಳೂರು
27 ಜನವರಿ 2025

ಪುಟ್ಟಿಗೆ, ಅಪ್ಪನಿಂದ.

ನಿನ್ನೆಯ ಸಮಾಚಾರ ಬರೆಯದೆ ಇರಲಾರೆ.

ವಾರದ ಹಿಂದೆ ದಾಮೋದರನ್ ಬಂದು, "ನಟರಾಜನ್ ಸಾರ್, ಇಪ್ಪತ್ತಾರಕ್ಕೆ ನೀವೇ ಕಟ್ಟಬೇಕು, ಹಳೆಯದೆಲ್ಲ ಮರೆತುಬಿಡೋಣ" ಎಂದರು. ಆಗುವುದಿಲ್ಲ ಎಂದೆ. ಅವರಿಗೆ ನಂಬಿಕೆಯಾಗಲಿಲ್ಲ, ನನಗೂ ಆಗಲಿಲ್ಲ. ನನ್ನ ಜೀವನದಲ್ಲಿ ಬಾವುಟದ ಕೆಲಸಕ್ಕೆ ಆಗುವುದಿಲ್ಲ ಎಂದದ್ದು ಅದೇ ಮೊದಲು. ಆಕಾಶವೇನೂ ಕಳಚಿ ಬೀಳಲಿಲ್ಲ. ಅವರು ಕಾಫಿ ಕುಡಿದು ಹೋದರು.

ನಿನ್ನೆ ಬೆಳಿಗ್ಗೆ ಜಗಲಿಯಲ್ಲಿ ಪೇಪರು ಹಿಡಿದು ಕೂತಿದ್ದೆ. ಕಂಬ ನಮ್ಮ ಮನೆಯ ಎದುರಿಗೇ ಇರುವುದರಿಂದ ನೋಡದೆ ಇರಲು ಉಪಾಯವಿಲ್ಲ. ನಿನ್ನಮ್ಮ ಪಕ್ಕದಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ಹುರುಳಿಕಾಯಿ ಸೋಸುತ್ತಿದ್ದಳು. ದಾಮೋದರನ್ ತಾವೇ ಬಾವುಟ ಕಟ್ಟಿ ಮೇಲೇರಿಸಿದ್ದರು. ಯಾರೋ ದೊಡ್ಡವರು ಬಂದು ಹಗ್ಗ ಎಳೆದರು. ಬಿಚ್ಚಲಿಲ್ಲ. ಇನ್ನೊಬ್ಬರು ಎಳೆದರು. ತರುಣ್ ಬಂದು ಜೋತುಬಿದ್ದ. ಎಳೆದಷ್ಟೂ ಬಿಗಿಯಾಯಿತು, ಕಗ್ಗಂಟು. ಬಾವುಟ ಮೇಲೆ ಪೊಟ್ಟಣದ ಹಾಗೆ ನೇತಾಡುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಮೊದಲು ನನಗೆ ಖುಷಿಯಾಯಿತು. ಚೆನ್ನಾಗಿ ಖುಷಿಯಾಯಿತು.

ಯಾರೂ ನನ್ನನ್ನು ಕರೆಯಲಿಲ್ಲ. ಎಲ್ಲರೂ ನಮ್ಮ ಜಗಲಿಯನ್ನು ಬಿಟ್ಟು ಮಿಕ್ಕ ಕಡೆಯೆಲ್ಲ ನೋಡುತ್ತಿದ್ದರು. ನಿನ್ನಮ್ಮ ಹುರುಳಿಕಾಯಿ ನಾರು ತೆಗೆಯುತ್ತಲೇ ಇದ್ದಳು. ಕರೆದಿದ್ದರೆ ಹೋಗುತ್ತಿರಲಿಲ್ಲವೇನೋ. ಯಾರೂ ಕರೆಯದೆ ಇದ್ದದ್ದರಿಂದ, ಹೋಗದಿದ್ದರೂ ಯಾರೂ ಕೇಳುವಂತಿಲ್ಲ ಎಂದು ಖಾತ್ರಿಯಾಗಿದ್ದರಿಂದ, ನನಗೆ ಹೋಗಬೇಕು ಅನ್ನಿಸಿತು. ಮನೆಯ ಚಪ್ಪಲಿಯಲ್ಲಿ, ಮುಂಡು ಎತ್ತಿಕಟ್ಟಿಕೊಂಡೇ ಹೋದೆ. ಬಾವುಟ ಇಳಿಸಿದೆ. ಗಂಟು ಬಿಚ್ಚಲು ಉಗುರು ಸಾಲದೆ ಹಲ್ಲು ಹಾಕಬೇಕಾಯಿತು. ಇನ್ನೊಂದು ತುದಿ ಹಿಡಿಯಲು ಕೈ ಬೇಕಿತ್ತು. ತಲೆ ಎತ್ತಿದರೆ ತರುಣ್ ಹಿಡಿದು ನಿಂತಿದ್ದ. ಅವನಿಗೆ ಮಡಚುವುದು ತೋರಿಸಿದೆ. ಹೂವು ಬಾಡಿತ್ತು, ಇದ್ದದ್ದನ್ನೇ ಇಟ್ಟೆ. ಜೀರುಗುಣಿಕೆ ಹಾಕಿ ಮೇಲೇರಿಸಿ ಹಗ್ಗವನ್ನು ದಾಮೋದರನ್ ಕೈಗೆ ಕೊಟ್ಟೆ. ಒಂದೇ ಎಳೆತ.

ರಾಷ್ಟ್ರಗೀತೆ ಶುರುವಾಯಿತು. ನಾನು ನಿಂತಿದ್ದೆ. ಕಣ್ಣಲ್ಲಿ ನೀರು ಬಂತು, ಮುಜುಗರವೂ ಆಯಿತು, ಎರಡನ್ನೂ ಇರಲಿ ಎಂದು ಬಿಟ್ಟೆ. ಇಷ್ಟು ವರ್ಷ ನಿಂತಿದ್ದೇನೆ, ಆದರೆ ನಿಲ್ಲುವುದು ನನ್ನ ಇಷ್ಟ ಎಂದು ನನಗೇ ತಿಳಿದದ್ದು ನಿನ್ನೆ. ಮಧ್ಯದಲ್ಲಿ ಯಾಕೋ ಮನೆಯ ಕಡೆ ನೋಡಿದೆ. ನಿನ್ನಮ್ಮ ಜಗಲಿಯಲ್ಲಿ ಕುರ್ಚಿಯ ಮೇಲೆ ಕೂತೇ ಇದ್ದಳು. ಬಾವುಟವನ್ನೇ ನೋಡುತ್ತಿದ್ದಳು, ಹುರುಳಿಕಾಯಿ ಮಡಿಲಲ್ಲಿತ್ತು, ಕೈ ನಿಂತಿತ್ತು. ಆದರೆ ಏಳಲಿಲ್ಲ. ಬಹುಶಃ ಪ್ರತಿ ವರ್ಷವೂ ಹೀಗೇ ಕೂತಿರುತ್ತಾಳೆ. ನಾನು ಯಾವಾಗಲೂ ಕಂಬದ ಕಡೆ ಮುಖ ಮಾಡಿರುವುದರಿಂದ ಕಂಡಿಲ್ಲ.

ಮನೆಗೆ ಬಂದೆ. ನಾಲಿಗೆಯ ತುದಿವರೆಗೆ ಬಂದಿತ್ತು. ಯಾಕೆ ಕೂತಿದ್ದೆ ಎಂದು ಕೇಳಲಿಲ್ಲ. ಅವಳ ಪಕ್ಕದಲ್ಲಿ ಕೂತು ಉಳಿದ ಹುರುಳಿಕಾಯಿ ಸೋಸಿಕೊಟ್ಟೆ.

ಫೆಬ್ರವರಿ ಆರಕ್ಕೆ ನಾನೂ ಬರುತ್ತೇನೆ. ಕೋರ್ಟಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಬಿಡುವಾದಾಗ ಆ ಮಗುವನ್ನು ತೋರಿಸು, ಊಟಕ್ಕೆ ಕರೆದುಕೊಂಡು ಹೋಗೋಣ. ಕೇಳುವುದಿಲ್ಲ, ಹೆದರಬೇಡ ಎಂದು ಅವಳಿಗೆ ಮೊದಲೇ ಹೇಳಿರು.

ಅಪ್ಪ

(ಪುಟ್ಟಿ, ಹುರುಳಿಕಾಯಿ ಅರ್ಧ ನಾರಿನ ಸಮೇತ ಸೋಸಿದಾರೆ. ಇವರ ಜೊತೆ ನಾನೂ ಬರ್ತೀನಿ. ನನಗೊಂದು ಹೊಸ ಬಾಣಲೆ ತೆಗೆದಿಡು, ಎರಡೂ ಹಿಡಿ ಗಟ್ಟಿ ಇರೋದು. ಯಾಕೆ ಕೂತಿದ್ದೆ ಅಂತ ನಿನಗೂ ಹೇಳಲ್ಲ. ಅಮ್ಮ)